ಮೇಯರ್‌ನ ಪ್ರಶ್ನೆ ಕೇಳಿ ಏನ್ ಉಪಯೋಗ? ಪಾಲಿಕಿ ಸಾಮಾನ್ಯ ಸಭಾ ನೋಡಿ ಬಂದವನ ತಕರಾರು

ಗಿರ್ಮಿಟ್_ಸಂಜಿಮುಂದ
ಊರ ಹೆಸರು ಕೇಳಬ್ಯಾಡ್ರಿ, ಉತ್ತರ ಕರ್ನಾಟಕದ್ದು ಅಂತಷ್ಟ ತಿಳ್ಕೋರಿ. ಮೊನ್ನೆ ಪಾಲಿಕಿ ಸಾಮಾನ್ಯ ಸಭಾ ನೋಡಾಕ ಗ್ಯಾಲರ್ಯಾಗ ಕುಂತಿದ್ದೆ. ಹನ್ನೊಂದಕ್ಕ ಅಂದಿದ್ದು ಕೋರಂ ಇಲ್ಲ ಅಂತ ಹನ್ನೆರಡರ ಮ್ಯಾಲೆ ಶುರು ಆತು. ವಿರೋಧ ಪಕ್ಷದ ಸದಸ್ಯರೊಬ್ರು ಎದ್ದು, "ಈ ವರ್ಷ ನಿಮ್ಮ ಮೊದಲ ಆದ್ಯತಿ ಯಾವುದು? ನೀರೋ, ಯುಜಿಡಿಯೋ (ಒಳಚರಂಡಿ), ರಸ್ತಾನೋ?" ಅಂತ ಮೇಯರ್‌ನ ಕೇಳಿದ್ರು. ಛಲೋ ಪ್ರಶ್ನೆ ಅನ್ನಿಸ್ತು.

ಮೇಯರ್ ಬಾಜೂಕ ಕುಂತ ಆಯುಕ್ತರ ಮಾರಿ ನೋಡಿದ್ರು. ಆಯುಕ್ತರು ಎದ್ದು ಒಂದು ಹಾಳಿ ಓದಿದ್ರು. ನೀರಿನ ಕೆಲಸ ಬ್ಯಾರೆ ಸಂಸ್ಥೆಗೆ ವಹಿಸೇತಿ, ಯುಜಿಡಿ ಪ್ರಸ್ತಾವನಿ ಸರ್ಕಾರಕ್ಕ ಹೋಗೇತಿ, ರಸ್ತಾದ ಕ್ರಿಯಾಯೋಜನಿ ಅನುಮೋದನಿ ಹಂತದಾಗ ಐತಿ. ಮುಗೀತು. "ನಾ ಕೇಳಿದ್ದು ಮೇಯರ್‌ನ, ನಿಮ್ಮನ್ನಲ್ಲ" ಅಂತ ಆ ಸದಸ್ಯರು ಒದರಿದ್ರು, ಇವ್ರ ಕಡೆಯವ್ರು ಎದ್ರು, ಅವ್ರ ಕಡೆಯವ್ರು ಎದ್ರು, ನಾಕು ಮಂದಿ ಮೇಯರ್ ಪೀಠದ ಮುಂದ ಬಂದು ಕುಂತ್ರು. ಗಂಟಿ ಬಾರಿಸಿ ಬಾರಿಸಿ ಊಟಕ್ಕ ಮುಂದೂಡಿದ್ರು.

ಒಂದು ವರ್ಷದ ಕುರ್ಚಿ, ಕೈಯಾಗ ಅಧಿಕಾರ ಇಲ್ಲ, ಉತ್ತರ ಕೊಡಾವ್ರು ಬ್ಯಾರೆ. ಹಂಗಂದ್ರ ಮೇಯರ್‌ನ ಪ್ರಶ್ನೆ ಕೇಳೂದರಾಗ ಏನ್ ಅರ್ಥ ಐತಿ, ತಿಳದಾವ್ರು ಹೇಳ್ರಿ.

ಬಸವನಗುಡಿ_ಬೆಂಚು
ನಿಮ್ಮಲ್ಲಿ ಕೇಳೋಕೆ ಒಬ್ರು ಮೇಯರ್ ಆದ್ರೂ ಇದಾರಲ್ಲ ಸ್ವಾಮಿ. ನಮ್ಮ ಬಿಬಿಎಂಪಿ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗೀತು. ಆಮೇಲೆ 198 ವಾರ್ಡಿನ ಊರು ಆಡಳಿತಾಧಿಕಾರಿ ಕೈಲೇ ಐದು ವರ್ಷ ನಡೀತು. 2025ರ ಸೆಪ್ಟೆಂಬರ್ 2ಕ್ಕೆ ಬಿಬಿಎಂಪಿ ಹೋಗಿ ಐದು ಪಾಲಿಕೆ ಆಯ್ತು, ಅವೂ ಶುರುವಾಗಿದ್ದು ಕಾರ್ಪೊರೇಟರ್‌ಗಳಿಲ್ಲದೆ. ಮೋರಿ ಕಟ್ಟಿಕೊಂಡ್ರೆ ಯಾರನ್ನ ಕೇಳೋದು ಅಂತ ಐದು ವರ್ಷ ಎಂಎಲ್ಎ ಮನೆ ಬಾಗಿಲು ಕಾದಿದ್ದೀವಿ.

ಕಡಲತಡಿ
ಮಂಗಳೂರಲ್ಲಿಯೂ ಹಾಗೆಯೇ ಮಾರಾಯ್ರೇ. 60 ವಾರ್ಡಿನ ಪರಿಷತ್ತಿನ ಅವಧಿ 2025ರ ಫೆಬ್ರವರಿಯಲ್ಲಿ ಮುಗಿಯಿತು. ಪರಿಷತ್ ಸಭೆಯ ಜಗಳ ಪೇಪರಲ್ಲಿ ಓದುವಾಗ ಬೈತಾ ಇದ್ದೆವು. ಅದೂ ನಿಂತ ಮೇಲೆ ಗೊತ್ತಾಯಿತು, ಆ ಜಗಳದ ನಡುವೆಯಾದರೂ ನಾಲ್ಕು ಮಾಹಿತಿ ಹೊರಗೆ ಬರ್ತಿತ್ತು ಅಂತ.

ಒಂಟಿಕೊಪ್ಪಲ್_ವಾಸಿ
ಮೈಸೂರಲ್ಲಿ 2023ರ ನವೆಂಬರ್‌ಗೇ ಮುಗೀತು. ನಮ್ಮನ್ನೂ ಕ್ಯೂನಲ್ಲಿ ಸೇರಿಸಿಕೊಳ್ಳಿ.

ನಡಾವಳಿ_ಪುಸ್ತಕ
ನಾನು ಒಂದು ಪಾಲಿಕೆಯ ಕೌನ್ಸಿಲ್ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಗಿರ್ಮಿಟ್ ಅವರು ಕೇಳಿದ್ದಕ್ಕೆ ಸ್ವಲ್ಪ ಉದ್ದ ಉತ್ತರ ಬೇಕಾಗುತ್ತೆ, ಸಹಿಸಿಕೊಳ್ಳಿ.

1976ರ ಕರ್ನಾಟಕ ಪೌರನಿಗಮಗಳ ಅಧಿನಿಯಮ ಕಾರ್ಯಾಂಗದ ಅಧಿಕಾರವನ್ನ ಆಯುಕ್ತರ ಕೈಗೆ ಕೊಟ್ಟಿದೆ. ಮೇಯರ್ ಸಭೆಯ ಅಧ್ಯಕ್ಷರು. ಹಾಗಂತ ಕೈಗೊಂಬೆ ಅಲ್ಲ. ಕೆಲಸಗಳನ್ನ ಪರಿಶೀಲಿಸುವ ಅಧಿಕಾರ ಅವರಿಗಿದೆ. ಸಭೆಯೋ ಸ್ಥಾಯಿ ಸಮಿತಿಯೋ ಏನಾದರೂ ತೀರ್ಮಾನಿಸಿದರೆ, ಅದನ್ನ ಜಾರಿ ಮಾಡಿ ಅಂತ ಆಯುಕ್ತರಿಗೆ ನಿರ್ದೇಶನ ಕೊಡಬಹುದು. ಈಗ ಆ ಸದಸ್ಯರ ಪ್ರಶ್ನೆ ನೋಡಿ. "ನಿಮ್ಮ ಆದ್ಯತೆ ಯಾವುದು" ಅಂದ್ರೆ ಮೇಯರ್ ಏನು ಹೇಳಬೇಕು? ಸಭೆ ತೀರ್ಮಾನವನ್ನೇ ಮಾಡಿರದಿದ್ದರೆ ಅವರು ಜಾರಿ ಮಾಡಿಸೋದು ಏನನ್ನ? ಅದೇ ಸದಸ್ಯರು "ಇಂಥ ತಿಂಗಳ ಸಭೆಯ ಇಂಥ ಸಂಖ್ಯೆಯ ನಿರ್ಣಯ ಇನ್ನೂ ಯಾಕೆ ಜಾರಿಯಾಗಿಲ್ಲ, ಆಯುಕ್ತರಿಗೆ ನೀವು ಯಾವ ದಿನ ಪತ್ರ ಬರೆದಿರಿ" ಅಂತ ಕೇಳಿದ್ದರೆ ಮೇಯರೇ ಎದ್ದು ನಿಲ್ಲಬೇಕಾಗಿತ್ತು.

ಇನ್ನು ಆ ಹಾಳೆ. ಅದನ್ನ ಬರೆಯೋದು ಆಯಾ ವಿಭಾಗದ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ), ಸಹಿ ಮಾಡೋದು ಎಇಇ (ಸಹಾಯಕ ಕಾರ್ಯಪಾಲಕ ಇಂಜಿನಿಯರ್). ನಮ್ಮಲ್ಲಿ ಮೂರೇ ವಾಕ್ಯ ಓಡಾಡುತ್ತಿದ್ದವು. "ಪರಿಶೀಲನೆಯಲ್ಲಿದೆ", "ನಿಯಮಾನುಸಾರ ಕ್ರಮ ವಹಿಸಲಾಗುವುದು", "ಅನುದಾನ ಲಭ್ಯತೆ ಮೇರೆಗೆ ಕೈಗೊಳ್ಳಲಾಗುವುದು". ಪ್ರಶ್ನೆ ಮೊಂಡಾಗಿದ್ದಷ್ಟೂ ಮೂರನೆಯದು ಬೀಳುತ್ತಿತ್ತು.

ತೊಗರಿ_ನಾಡು
ಮೂರನೇದು ಓದಿ ನಕ್ಕು ನಕ್ಕು ಸಾಕಾಯ್ತು. ನಮ್ಮ ಓಣಿ ದೀಪದ ಅರ್ಜಿಗಿ ಇದೇ ಉತ್ರ ಬಂದದ ನೋಡ್ರಿ.

ಉಣಕಲ್_ಕೆರಿ_ದಂಡಿ
ನಡಾವಳಿ ಸರ್, ನೀವು ಮೇಯರ್ ಪರ ವಕಾಲತ್ತು ವಹಿಸಿದಂಗ ಕಾಣತೈತಿ. ಅಧಿಕಾರ ಇಲ್ಲ ಅಂತ ಹೇಳ್ಕೋತನ ಕೆಂಪು ದೀಪದ ಕಾರು ಇದ್ದಾಗ ಅದನ್ನೂ ಬಿಡ್ಲಿಲ್ಲ, ಉದ್ಘಾಟನಿ ಕಲ್ಲಿನ ಮ್ಯಾಲೆ ಹೆಸರೂ ಬಿಡಂಗಿಲ್ಲ. ಹೆಸರು ಹಾಕ್ಕೊಳಾಕ ಅಧಿಕಾರ ಐತಿ, ಉತ್ತರ ಕೊಡಾಕ ಇಲ್ಲೇನ್?

ಗಿರ್ಮಿಟ್_ಸಂಜಿಮುಂದ
@ಉಣಕಲ್ ಅದ ನನ್ನ ಮಾತು ರೀ!

ಥೇಮ್ಸ್_ದಂಡೆ_ಕನ್ನಡಿಗ
ಲಂಡನ್‌ನಲ್ಲಿದ್ದೇನೆ, ಇಲ್ಲಿಯ ವ್ಯವಸ್ಥೆ ಹೇಳ್ತೀನಿ, ಹೋಲಿಸಿ ನೋಡಿ. ಇಲ್ಲಿ ಮೇಯರ್‌ನ ಜನರೇ ನೇರವಾಗಿ ನಾಲ್ಕು ವರ್ಷಕ್ಕೆ ಆರಿಸ್ತಾರೆ. 2000ದಿಂದ ಇರೋ ಪದ್ಧತಿ. ಮೇಯರ್‌ನ ಪ್ರಶ್ನಿಸೋದಕ್ಕೇ ಅಂತ 25 ಜನರ ಲಂಡನ್ ಅಸೆಂಬ್ಲಿ ಬೇರೆ ಇದೆ. ವರ್ಷಕ್ಕೆ ಹತ್ತು ಸಲ ಮೇಯರ್ ಅವರ ಮುಂದೆ ಕೂರಲೇಬೇಕು. ಆನ್‌ಲೈನ್‌ನಲ್ಲಿ ನೇರ ಪ್ರಸಾರ, ಬೇಕಾದ್ರೆ ಹೋಗಿ ಕೂತು ನೋಡಬಹುದು. ಪ್ರತಿ ಪಕ್ಷಕ್ಕೂ ಇಷ್ಟು ನಿಮಿಷ ಅಂತ ಲೆಕ್ಕ. ಹಾಗಾಗಿ ಮೇಯರ್ ಸುತ್ತಿಬಳಸಿ ಮಾತಾಡಿದ್ರೆ ಸದಸ್ಯರು ಮಧ್ಯದಲ್ಲೇ ತಡೀತಾರೆ, ಯಾಕಂದ್ರೆ ಉತ್ತರ ಉದ್ದ ಆದಷ್ಟೂ ತಿನ್ನೋದು ಅವರ ಸಮಯವನ್ನೇ. ಪೀಠದ ಮುಂದೆ ಧರಣಿ ಕೂರೋದು ನಾನಂತೂ ನೋಡಿಲ್ಲ. ಮೌಖಿಕ ಬಿಟ್ಟು ಲಿಖಿತ ಪ್ರಶ್ನೆಗಳು ನೂರಾರು, ಎಲ್ಲದಕ್ಕೂ ಉತ್ತರ ವೆಬ್‌ಸೈಟ್‌ನಲ್ಲಿ ಸಿಗುತ್ತೆ.

ತೊಗರಿ_ನಾಡು
ಲಂಡನ್ ಮೇಯರ್ ನಮ್ಮ ಕಲಬುರಗಿ ಕಡೆಯವ್ರೇ ಆಗಿದ್ರಲ್ರೀ! ಬಸವಣ್ಣನ ಮೂರ್ತಿ ನಿಲ್ಲಿಸಿದವ್ರು.

ಥೇಮ್ಸ್_ದಂಡೆ_ಕನ್ನಡಿಗ
ಅದು ಲ್ಯಾಂಬೆತ್. ಲಂಡನ್ ಒಳಗೆ ಇರೋ ಒಂದು ಬರೋ (borough), ಅಂದ್ರೆ ತನ್ನದೇ ಕೌನ್ಸಿಲ್ ಇರೋ ಆಡಳಿತ ವಿಭಾಗ. ಡಾ. ನೀರಜ್ ಪಾಟೀಲ್ 2010ರಲ್ಲಿ ಲ್ಯಾಂಬೆತ್ ಮೇಯರ್ ಆದ್ರು. ಅದು ಒಂದು ವರ್ಷದ ಗೌರವ ಹುದ್ದೆ, ನಮ್ಮ ಊರುಗಳ ಮೇಯರ್ ಥರವೇ. ಮೂರ್ತಿ ಥೇಮ್ಸ್ ದಡದಲ್ಲೇ ಇದೆ, 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅನಾವರಣ ಮಾಡಿದ್ದು. ಇಡೀ ಲಂಡನ್ನಿನ ಮೇಯರ್ 2016ರಿಂದ ಸಾದಿಕ್ ಖಾನ್.

ತೊಗರಿ_ನಾಡು
ಏನಾರ ಇರ್ಲಿ, ನಮ್ಮವ್ರು ನಮ್ಮವ್ರೇ.

ಬಸವನಗುಡಿ_ಬೆಂಚು
@ಥೇಮ್ಸ್ ನೇರ ಪ್ರಸಾರ ಸರಿ, ಪ್ರಶ್ನೆ ಕೇಳಿ ಮೇಯರ್ ನಿರ್ಧಾರ ಬದಲಾಯಿಸಿದ್ದು ಇದೆಯಾ? ಆ ಯೂಲೆಜ್ (ಹೊಗೆ ಗಾಡಿಗೆ ಶುಲ್ಕ ಹಾಕೋ ವಲಯ) ಗಲಾಟೆ ಪೇಪರಲ್ಲಿ ನೋಡಿದ್ದೆ. ಅಷ್ಟು ಕೂಗಾಡಿದ್ರೂ ಆ ಮನುಷ್ಯ ಬಗ್ಗಲಿಲ್ಲ ಅಲ್ವಾ?

ಥೇಮ್ಸ್_ದಂಡೆ_ಕನ್ನಡಿಗ
ಬಗ್ಗಲಿಲ್ಲ, ನಿಜ. ಹಳೇ ಹೊಗೆ ಉಗುಳೋ ಗಾಡಿ ಓಡಿಸಿದ್ರೆ ದಿನಕ್ಕೆ 12.50 ಪೌಂಡ್ ಅನ್ನೋ ನಿಯಮ 2023ರ ಆಗಸ್ಟ್ 29ರಿಂದ ಇಡೀ ಲಂಡನ್ನಿಗೆ ಬಂತು. ಕನ್ಸರ್ವೇಟಿವ್ ಸದಸ್ಯರು ಸಭೆ ಸಭೆಗೂ ಅದನ್ನೇ ಹಿಡ್ಕೊಂಡಿದ್ರು. ಹೊರವಲಯದ ನಾಲ್ಕು ಬರೋಗಳು, ಜೊತೆಗೆ ಸರ್ರೆ ಕೌಂಟಿ, ಹೈಕೋರ್ಟಿಗೂ ಹೋದ್ವು. ಜುಲೈನಲ್ಲಿ ಸೋತ್ವು. ಅಸೆಂಬ್ಲಿ ಕೈಲಿರೋ ದೊಡ್ಡ ಅಸ್ತ್ರ ಅಂದ್ರೆ ಬಜೆಟ್. ಮೂರರಲ್ಲಿ ಎರಡು ಪಾಲು ಮತ ಬಿದ್ರೆ ಮೇಯರ್ ಬಜೆಟ್ ತಿದ್ದಬಹುದು. ಆದ್ರೆ 2024ರ ಚುನಾವಣೇಲಿ 25ರಲ್ಲಿ 11 ಮೇಯರ್ ಪಕ್ಷ ಲೇಬರ್‌ಗೇ ಬಂತು. ಉಳಿದ 14 ಜನ ಒಂದಾದ್ರೂ 17 ಆಗಲ್ಲ.

ಬಸವನಗುಡಿ_ಬೆಂಚು
ಅಂದ್ರೆ ಅಲ್ಲೂ ಅಷ್ಟೇ. ಕೋಟು ಹಾಕ್ಕೊಂಡು ಕಿರುಚಾಡ್ತಾರೆ, ನಮ್ಮೋರು ಪಂಚೆ ಉಟ್ಕೊಂಡು ಕಿರುಚಾಡ್ತಾರೆ.

ಥೇಮ್ಸ್_ದಂಡೆ_ಕನ್ನಡಿಗ
ಅಷ್ಟೇ ಅಲ್ಲ. ಇಲ್ಲಿ "ಇದು ನನ್ನ ನಿರ್ಧಾರ, ಕಾರಣ ಇದು" ಅಂತ ಮೇಯರ್ ಬಾಯಲ್ಲೇ ದಾಖಲಾಗುತ್ತೆ. ಸರಿ ಅನ್ನಿಸದೋರು ಮುಂದಿನ ಚುನಾವಣೇಲಿ ಅದನ್ನ ಎತ್ತಿ ತೋರಿಸ್ತಾರೆ. ನಿಮ್ಮಲ್ಲಿ ನಿರ್ಧಾರ ಯಾರದು ಅನ್ನೋದೇ ಗೊತ್ತಾಗಲ್ಲ.

ಕಡಲತಡಿ
ಹಾಗಾದರೆ ನಮ್ಮಲ್ಲಿಯೂ ಮೇಯರನ್ನು ಜನರೇ ಆರಿಸಲಿ. ಮಧ್ಯಪ್ರದೇಶದಲ್ಲಿ ಹಾಗೆ ಉಂಟಲ್ಲ.

ಉಣಕಲ್_ಕೆರಿ_ದಂಡಿ
ನೇರ ಆಯ್ಕಿ ಆದ್ರ ಎಂಎಲ್ಎಗಳು ಬಿಡ್ತಾರೇನ್? ಆರೇಳು ಕ್ಷೇತ್ರದಷ್ಟು ಮತ ತಗೊಂಡು ಗೆದ್ದ ಮೇಯರ್ ನಾಳೆ ಮಂತ್ರಿಗೇ ಎದುರು ನಿಲ್ತಾನ. ಈಗಿಂದು ನೋಡ್ರಿ, ಮೇಯರ್ ಚುನಾವಣಿಗೆ ಎಂಎಲ್ಎ, ಎಂಪಿನೂ ಬಂದು ಮತ ಹಾಕ್ತಾರ. ಯಾರ ಋಣದಾಗ ಇರ್ತಾನ ಮೇಯರ್, ನೀವ ಹೇಳ್ರಿ.

ನಡಾವಳಿ_ಪುಸ್ತಕ
ನೇರ ಆಯ್ಕೆಯ ಮಾತು ಆಮೇಲೆ. ಇರೋ ಅವಧಿಯೇ ಹೇಗೆ ಸೋರಿ ಹೋಗುತ್ತೆ ನೋಡಿ. 2021ರ ಸೆಪ್ಟೆಂಬರ್ 3ಕ್ಕೆ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿ ಮೂರೂ ಪಾಲಿಕೆಗೆ ಮತದಾನ ಆಯ್ತು. 82, 58, 55 ವಾರ್ಡು. ಆರನೇ ತಾರೀಖಿಗೆ ಫಲಿತಾಂಶ. ಹುಬ್ಬಳ್ಳಿ-ಧಾರವಾಡಕ್ಕೆ ಮೇಯರ್ ಬಂದಿದ್ದು 2022ರ ಮೇ ತಿಂಗಳಲ್ಲಿ. ಬೆಳಗಾವಿಗೆ 2023ರ ಫೆಬ್ರವರಿ. ಕಲಬುರಗಿಗೆ 2023ರ ಮಾರ್ಚ್. ಜನ ಮತ ಹಾಕಿ ಒಂದೂವರೆ ವರ್ಷ ಆದ ಮೇಲೆ! ಮೇಯರ್ ಇಲ್ಲದೆ ಸಾಮಾನ್ಯ ಸಭೆ ಇಲ್ಲ, ಸ್ಥಾಯಿ ಸಮಿತಿ ಇಲ್ಲ. ಗೆದ್ದ ಸದಸ್ಯರು ಬರೀ ಲೆಟರ್‌ಹೆಡ್ ಮಾಡಿಸಿಕೊಂಡು ಓಡಾಡಿದರು.

ಬೆಂಗಳೂರಿನ 2020ರ ಕಾಯ್ದೆ ಮೇಯರ್ ಅವಧಿಯನ್ನ 30 ತಿಂಗಳು ಮಾಡ್ತು. ಒಳ್ಳೇದೇ. ಆದರೆ ಆ ಕಾಯ್ದೆಯಡಿ ಒಂದೂ ಚುನಾವಣೆ ನಡೀಲಿಲ್ಲ, 30 ತಿಂಗಳು ಕೂತ ಮೇಯರ್ ಒಬ್ಬರೂ ಇಲ್ಲ.

ಸಣ್ಣ_ನೀರಾವರಿ
ನಾನು ಒಬ್ಬ ಮಾಜಿ ಸದಸ್ಯೆ, ಊರು ಹೇಳಲ್ಲ. ಗ್ಯಾಲರಿಯಲ್ಲಿ ಕೂತು ನೋಡೋರಿಗೆ ನಾವು ಕಿರುಚೋದು ಮಾತ್ರ ಕಾಣ್ತದೆ. ಕಿರುಚದಿದ್ದರೆ ಮೈಕ್ ಬರೋದಿಲ್ಲ, ಮರುದಿನ ಪೇಪರ್‌ನಲ್ಲಿ ಹೆಸರೂ ಬರೋದಿಲ್ಲ. ವಾರ್ಡಿನ ಜನ "ಏನ್ ಮೇಡಂ, ಸಭೆಯಲ್ಲಿ ಬಾಯೇ ಬಿಡಲಿಲ್ಲವಂತೆ" ಅಂತಾರೆ. ನಾನು ಮೊದಲ ಬಾರಿ ಲಿಖಿತ ಪ್ರಶ್ನೆ ಕೊಟ್ಟಾಗ ಒಬ್ಬ ಹಿರಿಯ ಸದಸ್ಯರು, "ಯಾಕಮ್ಮ ಸುಮ್ನೆ, ಇಂಜಿನಿಯರ್‌ಗೆ ಫೋನ್ ಮಾಡು, ಕೆಲಸ ಆಗ್ತದೆ" ಅಂದ್ರು. ಆಗಿದ್ದೂ ನಿಜ. ಫೋನಿಗೆ ಒಂದು ಮೋರಿ ಕ್ಲೀನ್ ಆಯಿತು. ಆದರೆ ಇಡೀ ವಲಯದ ಹೂಳು ತೆಗೆಯೋ ಟೆಂಡರ್ ಎಷ್ಟರದ್ದು, ಎಷ್ಟು ಬಿಲ್ ಆಗಿದೆ ಅನ್ನೋದು ಹೊರಬಿದ್ದಿದ್ದು ಲಿಖಿತ ಪ್ರಶ್ನೆಯಿಂದಲೇ.

ಇನ್ನೊಂದು ಮಾತು. ಮೇಯರ್ ಸ್ಥಾನ ಮಹಿಳೆಗೆ ಮೀಸಲಾದಾಗ ಪ್ರಶ್ನೆ ಕೇಳೋ ದನಿಯೇ ಬೇರೆ ಆಗ್ತದೆ. "ಉತ್ತರ ನೀವು ಕೊಡ್ತೀರೋ, ನಿಮ್ಮ ಯಜಮಾನ್ರು ಕೊಡ್ತಾರೋ" ಅಂತ ಸಭೆಯಲ್ಲೇ ನಗೋರನ್ನ ನೋಡಿದ್ದೇನೆ. ಅದನ್ನೂ ಪ್ರಶ್ನೆ ಕೇಳೋದು ಅಂತೀರಾ?

ಗಿರ್ಮಿಟ್_ಸಂಜಿಮುಂದ
ಮೇಡಂ, ಅದು ಪ್ರಶ್ನೆ ಅಲ್ರಿ, ಹಲ್ಕಟ್‌ಗಿರಿ.

ಒಂಟಿಕೊಪ್ಪಲ್_ವಾಸಿ
ಆದ್ರೆ ಯಜಮಾನ್ರೇ ಬಂದು ಪಕ್ಕದ ಕೋಣೇಲಿ ಕೂತು ಫೈಲ್ ನೋಡೋದೂ ಉಂಟಲ್ಲ. ಅದನ್ನೂ ಒಪ್ಕೋಬೇಕು.

ಸಣ್ಣ_ನೀರಾವರಿ
ಉಂಟು. ಗಂಡಸು ಮೇಯರ್ ಆದಾಗ ಎಂಎಲ್ಎ ಪಿಎ ಬಂದು ಫೈಲ್ ನೋಡ್ತಾನೆ. ಅದಕ್ಕೆ ಯಾರೂ ನಗಲ್ಲ.

ಉಣಕಲ್_ಕೆರಿ_ದಂಡಿ
👏

ಬಸವನಗುಡಿ_ಬೆಂಚು
ಸರಿ, ಆದ್ಯತೆ ವಿಷಯಕ್ಕೆ ಬರೋಣ. ರೊಕ್ಕ ಎಲ್ಲಿಂದ ಬರುತ್ತೋ ಆದ್ಯತೆ ಅಲ್ಲೇ ತೀರ್ಮಾನ ಆಗುತ್ತೆ. 15ನೇ ಹಣಕಾಸು ಆಯೋಗದ ದುಡ್ಡಲ್ಲಿ, ಹತ್ತು ಲಕ್ಷಕ್ಕಿಂತ ಸಣ್ಣ ಊರುಗಳಿಗೆ ಬಂದಿದ್ದರಲ್ಲಿ 60% ಕುಡಿಯೋ ನೀರು ಮತ್ತು ನೈರ್ಮಲ್ಯಕ್ಕೇ ಅಂತ ಕಟ್ಟುಪಾಡು ಇತ್ತು. ಸ್ಮಾರ್ಟ್ ಸಿಟಿ ದುಡ್ಡು ಪಾಲಿಕೆಗೆ ಬರಲೇ ಇಲ್ಲ. 2015ರಲ್ಲಿ ಶುರುವಾದ ಯೋಜನೆ, ನಮ್ಮ ರಾಜ್ಯದ ಏಳು ಊರಿಗೆ ಸಿಕ್ತು, ಪ್ರತಿ ಊರಿಗೂ ಒಂದೊಂದು ಬೇರೆ ಕಂಪನಿ ಮಾಡಿ ಅದರ ಮೂಲಕ ಖರ್ಚು ಮಾಡಿದ್ರು. ಕಾರ್ಪೊರೇಟರ್ ಎದ್ದು ಸ್ಮಾರ್ಟ್ ಸಿಟಿ ಫುಟ್‌ಪಾತ್ ಟೈಲ್ಸ್ ಕಿತ್ತೋಗಿದೆ ಅಂದ್ರೆ, ಅದು ಕಂಪನಿ ವಿಷಯ ಅಂತಾರೆ. ಕಂಪನಿ ಬೋರ್ಡ್ ಮೀಟಿಂಗ್‌ಗೆ ಗ್ಯಾಲರಿ ಇಲ್ಲ.

ಗಿರ್ಮಿಟ್_ಸಂಜಿಮುಂದ
ನೀರಿಂದೂ ಅದ ಕತಿ. 24×7 ಅಂತ ಮೂರು ಊರಾಗ ಕೆಲವೊಂದ್ ವಾರ್ಡಿಗೆ 2008ರ ಸುಮಾರಿಗೆ ವಿಶ್ವಬ್ಯಾಂಕ್ ರೊಕ್ಕದಾಗ ಬಂತು. ಬಾಜೂ ಓಣ್ಯಾಗ ನಳ ಯಾವಾಗ ತಿರುವಿದ್ರೂ ನೀರು, ನಮ್ಮ ಓಣ್ಯಾಗ ವಾರಕ್ಕೊಮ್ಮೆ ನೀರು ಬಿಟ್ಟಾಗ ಬ್ಯಾರಲ್, ಕೊಡ, ಪಾತೇಲಿ, ಕಡೀಕ ಚಾ ಗ್ಲಾಸೂ ತುಂಬಿಡಬೇಕು. ಇದನ್ನ ಕೇಳಿದ್ರ ಮೇಯರ್ ಅದು ಬ್ಯಾರೆ ಸಂಸ್ಥೆ ಅಂತಾರ, ಸಂಸ್ಥೆಯವ್ರು ಪೈಪ್‌ಲೈನ್ ಕೆಲಸ ನಡದೈತಿ ಅಂತಾರ.

ನಡಾವಳಿ_ಪುಸ್ತಕ
ಹೌದು, ದುಡ್ಡಿನ ಬಹುಪಾಲು ಕಟ್ಟುಪಾಡಿನದ್ದೇ. ಆದರೆ ಆಸ್ತಿ ತೆರಿಗೆ, ಉದ್ದಿಮೆ ಪರವಾನಗಿ, ಮಳಿಗೆ ಬಾಡಿಗೆ ಪಾಲಿಕೆಯ ಸ್ವಂತದ್ದು. ಅದರ ಮೇಲೆ ಸಭೆಗೆ ಹಕ್ಕಿದೆ. ಬಜೆಟ್ ಮಂಡಿಸೋದು ಮೇಯರೂ ಅಲ್ಲ, ತೆರಿಗೆ-ಹಣಕಾಸು ಸ್ಥಾಯಿ ಸಮಿತಿ ಅಧ್ಯಕ್ಷರು. ಫೆಬ್ರವರಿ-ಮಾರ್ಚಲ್ಲಿ ಮಂಡನೆ ದಿನ ಸದಸ್ಯರ ಕೈಗೆ ದಪ್ಪ ಪುಸ್ತಕ ಬರುತ್ತೆ. ಬಹಳಷ್ಟು ಜನ ತಮ್ಮ ವಾರ್ಡಿನ ಹೆಸರು ಎಲ್ಲಿದೆ ಅಂತ ಹುಡುಕಿ ಮುಚ್ಚಿಡ್ತಾರೆ. ಕಳೆದ ವರ್ಷ ಅಂದಾಜು ಮಾಡಿದ್ದು ಎಷ್ಟು, ನಿಜವಾಗಿ ಬಂದಿದ್ದು ಎಷ್ಟು ಅನ್ನೋ ಎರಡು ಕಾಲಂ ಪಕ್ಕಪಕ್ಕದಲ್ಲೇ ಇರುತ್ತೆ. ಆ ಎರಡರ ನಡುವಿನ ಅಂತರ ಹಿಡಿದು ಕೇಳಿದರೆ ಆದ್ಯತೆ ಏನು ಅಂತ ಯಾರೂ ಭಾಷಣ ಮಾಡಬೇಕಾಗಿಲ್ಲ, ಪುಸ್ತಕವೇ ಹೇಳುತ್ತೆ.

ಕಡಲತಡಿ
ಅಂದಾಜು ಯಾವಾಗಲೂ ಉಳಿತಾಯ ಬಜೆಟ್. ವರ್ಷದ ಕೊನೆಗೆ ಗುತ್ತಿಗೆದಾರರ ಬಿಲ್ಲು ಬಾಕಿ. ಇದು ಯಾವ ಮ್ಯಾಜಿಕ್ ಅಂತ ನನಗೆ ಈವರೆಗೆ ತಿಳೀಲಿಲ್ಲ.

ಉಣಕಲ್_ಕೆರಿ_ದಂಡಿ
ನಡಾವಳಿ ಸರ್, ಒಂದು ತಕರಾರು. ಠರಾವು ಪಾಸ್ ಮಾಡಿದ್ರೂ ಸರ್ಕಾರ ಅದನ್ನ ರದ್ದು ಮಾಡಬಹುದಲ್ರಿ? ಹಂಗಿದ್ದ ಮ್ಯಾಲೆ ನಿಮ್ಮ ಪುಸ್ತಕ, ಕಾಲಂ ಎಲ್ಲಾ ತಗೊಂಡು ಏನ್ ಮಾಡೂದು?

ನಡಾವಳಿ_ಪುಸ್ತಕ
ಮಾಡಬಹುದು. ಮಾಡಲಿ, ಲಿಖಿತವಾಗಿ ಮಾಡಲಿ. ಆಗ ತಡೆದಿದ್ದು ಯಾರು ಅಂತ ಊರಿಗೆ ಗೊತ್ತಾಗುತ್ತೆ. ಈಗ ಆಗ್ತಿರೋದು ಏನು? ನಿರ್ಣಯವನ್ನೇ ಮಾಡದೆ, ಸಭೆಯಲ್ಲಿ ಗಲಾಟೆ ಎಬ್ಬಿಸಿ, ಕೊನೆಯ ಐದು ನಿಮಿಷದಲ್ಲಿ "ವಿಷಯಪಟ್ಟಿಯ ಎಲ್ಲ ವಿಷಯಗಳಿಗೆ ಅನುಮೋದನೆ ನೀಡಲಾಗಿದೆ" ಅಂತ ಓದಿ ಎದ್ದು ಹೋಗ್ತಾರೆ. ಗಲಾಟೆ ಯಾರಿಗೆ ಅನುಕೂಲ ಅಂತ ನೀವೇ ಯೋಚಿಸಿ.

ಗಿರ್ಮಿಟ್_ಸಂಜಿಮುಂದ
ಅಲಲಾ... ಊಟ ಆದ ಮ್ಯಾಲೆ ನಾ ಎದ್ದು ಬಂದಿದ್ದೆ. ಹಿಂದ ಇದ ಆಗಿರಬೇಕು ಹಂಗಂದ್ರ.

ಒಂಟಿಕೊಪ್ಪಲ್_ವಾಸಿ
ಎಲ್ರೂ ಗಂಭೀರ ಆದ್ರಿ. ನನ್ನ ಪ್ರಶ್ನೆ ಬೇರೆ. ಆ ಬಿಸಿಲಲ್ಲಿ ಮೇಯರ್‌ಗಳು ಆ ದಪ್ಪ ಗೌನು ಹಾಕ್ಕೊಂಡು ಹೆಂಗ್ ಕೂರ್ತಾರೆ?

ಉಣಕಲ್_ಕೆರಿ_ದಂಡಿ
ಹುಬ್ಬಳ್ಳಿ-ಧಾರವಾಡದಾಗ 2022ರಾಗ ಆದ ಮೇಯರ್ ಅದನ್ನ ಹಾಕೂದ ಇಲ್ಲ ಅಂದ್ರು, ಬ್ರಿಟಿಷರ ಕಾಲದ ಗುಲಾಮಗಿರಿ ಅಂತ. ಹಾಕ್ಕೋಬೇಕು, ಬ್ಯಾಡ ಅಂತ ಅದರ ಮ್ಯಾಲೂ ಜಗಳ. ಗೌನಿನ ಬಗ್ಗೆ ಆದಷ್ಟು ಚರ್ಚಾ ಗಟರದ ಬಗ್ಗೆ ಆಗಿದ್ರ ಛಲೋ ಇತ್ತು.

ತೊಗರಿ_ನಾಡು
ಗೌನ್ ಬಿಸಲಿಗಿ ನಮ್ಮ ಕಲಬುರಗಿಗಿ ಬರ್ರಿ. ಮೇ ತಿಂಗಳದಾಗ ಮೇಯರ್ ಅಲ್ಲ, ಕುರ್ಚಿನೇ ಬೆವರ್ತದ.

ವೇದಿಕೆ_ನಿರ್ವಾಹಕ
ಗೌನಿನ ಚರ್ಚೆಗೆ ಬೇರೆ ಎಳೆ ತೆರೆಯಿರಿ. ಯಾವುದೇ ಸದಸ್ಯರ ಹೆಸರು ಹಿಡಿದು ಆರೋಪ ಮಾಡಿದ ಎರಡು ಉತ್ತರ ತೆಗೆದಿದ್ದೇನೆ.

ಬಸವನಗುಡಿ_ಬೆಂಚು
ಅಡ್ಮಿನ್ ಬಂದ್ರು, ಎಲ್ಲ ಎದ್ದು ನಿಲ್ಲಿ.

ಥೇಮ್ಸ್_ದಂಡೆ_ಕನ್ನಡಿಗ
ನಂದೊಂದು ಸಲಹೆ. ಸಭೆಯ ನೇರ ಪ್ರಸಾರ ಕೇಳಿ. ಮೊಬೈಲ್ ಸಾಕು, ದೊಡ್ಡ ಖರ್ಚಿಲ್ಲ.

ಸಣ್ಣ_ನೀರಾವರಿ
ಕ್ಯಾಮೆರಾ ಬಂದರೆ ಕಿರುಚಾಟ ಇನ್ನೂ ಹೆಚ್ಚಾಗ್ತದೆ ಅನ್ನೋದು ನನ್ನ ಭಯ. ಆದರೂ ಬರಲಿ. ಕೊನೆಯ ಐದು ನಿಮಿಷವೂ ಅದರಲ್ಲಿ ಸಿಗ್ತದಲ್ಲ.

ತೊಗರಿ_ನಾಡು
ನಡಾವಳಿ ಸರ್, ನಮ್ಮ ಓಣಿ ದೀಪದ್ದು ಸದಸ್ಯರ ಕೈಲಿ ಕೇಳಿಸ್ಬೇಕಂತ ಮಾಡೀನಿ. ಹಿಂಗ ಬರದೀನಿ, ನೋಡ್ರಿ: "ನಮ್ಮ ವಾರ್ಡಿನಲ್ಲಿ ಬೀದಿದೀಪಗಳು ಯಾಕೆ ಉರಿಯುತ್ತಿಲ್ಲ, ಮಾನ್ಯ ಮಹಾಪೌರರು ಇದಕ್ಕೆ ಯಾವ ಕ್ರಮ ಕೈಗೊಳ್ಳುವರು?"

ನಡಾವಳಿ_ಪುಸ್ತಕ
"ಯಾಕೆ" ಬೇಡ, "ಯಾವ ಕ್ರಮ" ಬೇಡ. ಎರಡಕ್ಕೂ ಆ ಮೂರು ವಾಕ್ಯದಲ್ಲಿ ಒಂದು ಬರುತ್ತೆ. ಹೀಗೆ ಬರೆಯಿರಿ: ವಾರ್ಡಿನಲ್ಲಿ ಒಟ್ಟು ಕಂಬ ಎಷ್ಟು, ಉರಿಯದ ದೀಪ ಎಷ್ಟು, ನಿರ್ವಹಣೆ ಗುತ್ತಿಗೆ ಯಾರಿಗೆ, ಕಾರ್ಯಾದೇಶದ ಸಂಖ್ಯೆ ಮತ್ತು ದಿನಾಂಕ, ಈ ವರ್ಷ ಪಾವತಿಯಾದ ಬಿಲ್ಲಿನ ಮೊತ್ತ, ಕೆಟ್ಟ ದೀಪಕ್ಕೆ ಗುತ್ತಿಗೆದಾರರಿಗೆ ವಿಧಿಸಿದ ದಂಡ ಎಷ್ಟು. ದಂಡದ ಸಾಲು ಮರೀಬೇಡಿ, ಉತ್ತರ "ಇಲ್ಲ" ಅಂತ ಬಂದರೆ ಉಪಪ್ರಶ್ನೆ ಅಲ್ಲೇ ಇದೆ. ಪ್ರಶ್ನೆ ಕೊಡೋ ಗಡುವು ಎಷ್ಟು ದಿನ ಮುಂಚೆ ಅನ್ನೋದನ್ನ ನಿಮ್ಮ ಪಾಲಿಕೆಯ ಕೌನ್ಸಿಲ್ ಕಾರ್ಯದರ್ಶಿ ಕಚೇರಿಯಲ್ಲಿ ಕೇಳಿಕೊಳ್ಳಿ.

ತೊಗರಿ_ನಾಡು
ದಂಡದ ಸಾಲು ಭಾರಿ ಅದಾ ಸರ್. ಕಂಬ ನಾನೇ ಇವತ್ತು ರಾತ್ರಿ ಎಣಿಸ್ತೀನಿ, ಅವ್ರ ಲೆಕ್ಕ ತಾಳೆ ನೋಡ್ಲಕ್ಕ ಬೇಕಾಗ್ತದ. ನಾಳೆ ಸದಸ್ಯರ ಮನಿಗಿ ಹೋಗ್ಬೇಕು. ಮುಂಜಾನಿ ಎಂಟರೊಳಗ ಹೋದ್ರ ಸಿಗ್ತಾರ, ಆಮ್ಯಾಲ ಫೋನೂ ಎತ್ತಲ್ಲ.